ಬಳೆಯೊಳಗಿಂದ ಕಂಡ ಕಿಟಕಿ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ, ಹಾಲಿನ ಗಾಡಿ ಮೂಲೆ ತಿರುಗಿಲ್ಲ. ಒಂದಂತಸ್ತಿನ ಮನೆಯ ಮಾಳಿಗೆಯ ಮೇಲೆ ಕಿವಿಗೆ ಮಫ್ಲರ್ ಸುತ್ತಿಕೊಂಡ ಹೆಂಗಸೊಬ್ಬರು, ಒಂದು ಮೀಟರ್ ಅಗಲದ ತಾಮ್ರದ ಬಳೆಯನ್ನು ಮರದ ಗೂಟಕ್ಕೆ ಸಿಕ್ಕಿಸಿ, ಎರಡೇ ಬೆರಳಲ್ಲಿ ಹಿಡಿದು ಚೂರುಚೂರೇ ತಿರುಗಿಸುತ್ತಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ಬ್ಯಾಟರಿ ರೇಡಿಯೋ. ಎಡಗಿವಿಯಲ್ಲಿ ಇಯರ್‌ಫೋನು. ಬಲಗಿವಿಯ ಮೇಲಿನ ಮಫ್ಲರನ್ನು ಮಾತ್ರ ಸರಿಸಿ, ಆ ಕಿವಿಯನ್ನು ಬೀದಿಗೆ ಬಿಟ್ಟಿದ್ದಾರೆ.

ಇಯರ್‌ಫೋನಿನಲ್ಲಿ ಮೊದಲು ಸುಯ್ ಎನ್ನುವ ಸಣ್ಣ ಸದ್ದು. ಬಳೆಯ ತಲೆಯ ಮೇಲಿನ ಗುಂಡಿಯನ್ನು ತಿರುಗಿಸಿದಂತೆ ಆ ಸದ್ದು ಉಬ್ಬುತ್ತದೆ, ಅದರ ಒಳಗಿಂದ ಒಂದು ಹೆಣ್ಣಿನ ದನಿ ಮೇಲೆದ್ದು ಬರುತ್ತದೆ. ಯಾವುದೋ ದೂರದ ದೇಶ, ಅರ್ಥವಾಗದ ಭಾಷೆ. ಆಕೆ ಮೀನುಗಾರರಿಗಾಗಿ ಎಲ್ಲಿ ಗಾಳಿ ಎಷ್ಟು, ಅಲೆ ಎಷ್ಟು ಎತ್ತರ ಎಂದು ಓದುತ್ತಾಳೆಂದು ಗಿರಾಕಿಯೊಬ್ಬರು ಹೇಳಿದ್ದರಂತೆ. ಕತ್ತಲೆ ಹೋಗಿ ಬೆಳಕು ಬರುವ ಇಪ್ಪತ್ತು ಇಪ್ಪತ್ತೈದು ನಿಮಿಷ ಮಾತ್ರ ಆ ದನಿ ಇಲ್ಲಿಯವರೆಗೆ ಮುಟ್ಟುತ್ತದೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಇವರು ಆಕೆಗೆ ‘ಅಲೆಯಮ್ಮ’ ಎಂದು ಹೆಸರಿಟ್ಟಿದ್ದಾರೆ.

“ಬಂದ್ಲು! ಅಬ್ಬಾ, ಬಂದ್ಲು ನಮ್ಮಮ್ಮ!” ಎಂದು ಅವರು ಮಫ್ಲರಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ನಲವತ್ತಮೂರು ದಿನಗಳಾದ ಮೇಲೆ ಕೇಳಿದ ದನಿ ಅದು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ ಎಂದು ಅವರೇ ಹೇಳುತ್ತಾರೆ. ಆದರೆ ಕಣ್ಣು ಮಾತ್ರ ಮತ್ತೆ ಮತ್ತೆ ಎದುರುಮನೆಯ ಮಹಡಿಯ ಕಿಟಕಿಯತ್ತ ಹೋಗುತ್ತದೆ. ಆ ಹಸಿರು ಕಿಟಕಿ ಮುಚ್ಚಿದೆ.

ಓಣಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ಬಳೆಯಕ್ಕ’ ಎಂದು. ಕೈಗೆ ತೊಡುವ ಬಳೆಯನ್ನು ಇವರು ಒಂದು ದಿನವೂ ಮಾರಿದವರಲ್ಲ. ಇವರು ಮಾಡುವುದು ಲೂಪ್ ಆಂಟೆನಾ. ಶಾರ್ಟ್‌ವೇವ್ ರೇಡಿಯೋ ಕೇಳುವವರಿಗೆ, ಮನೆಯಲ್ಲೇ ಕೂತು ದೇಶದೇಶದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋದವರಿಗೆ, ಅಂದರೆ ಹ್ಯಾಮ್‌ಗಳಿಗೆ ಬೇಕಾದ ವಸ್ತು. ಅರವತ್ತು ಅಡಿ ತಂತಿ ಎಳೆಯಲು ಈಗ ಯಾರ ಮನೆಯಲ್ಲಿ ಜಾಗವಿದೆ ಹೇಳಿ? ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲಿಕ್ಕೇ ಪರದಾಟ. ಅಂಥವರಿಗೆ ಈ ತಾಮ್ರದ ಬಳೆಯೇ ಗತಿ. ಕಿಟಕಿಯ ಪಕ್ಕ ನಿಲ್ಲಿಸಿದರೆ ಸಾಕು, ಸಮುದ್ರದಾಚೆಯದು ಕೇಳುತ್ತದೆ.

ಐವತ್ತೆಂಟರ ಬಳೆಯಕ್ಕ ಈ ಕೆಲಸಕ್ಕೆ ಬಂದದ್ದು ಫ್ರಿಜ್ ರಿಪೇರಿಯ ದಾರಿಯಿಂದ. ಹದಿನೇಳನೇ ವಯಸ್ಸಿಗೆ ಸೋದರಮಾವನ ವರ್ಕ್‌ಶಾಪಿನಲ್ಲಿ ಕಸ ಗುಡಿಸಲು ಸೇರಿದರು. ಎರಡೇ ವರ್ಷಕ್ಕೆ ಅಲ್ಲಿ ತಾಮ್ರದ ಕೊಳವೆ ಬಾಗಿಸುವ ಕೆಲಸವೆಲ್ಲ ಇವರ ಕೈಗೇ ಬಂತು. ತಾಮ್ರ ನೋಡಲು ಸಾಧು, ಒಳಗೆ ಹಟಮಾರಿ. ಸ್ವಲ್ಪ ಅವಸರ ಮಾಡಿದರೆ ಬಾಗುವ ಬದಲು ಮಡಿಚಿಕೊಂಡುಬಿಡುತ್ತದೆ. ಒಮ್ಮೆ ಮಡಿಚಿತೆಂದರೆ ಮುಗಿಯಿತು, ದೇವರು ಬಂದರೂ ನೆಟ್ಟಗಾಗದು.

“ನಮ್ಮ ಮಾವ ಗದರ್ತಿದ್ರು, ‘ತಾಮ್ರಕ್ಕೆ ಬೈಬೇಡ, ಬಾಗು ಅಂತ ಕೇಳ್ಕೋ’ ಅಂತ. ನನಗೋ ಮೂಗಿನ ತುದೀಲೇ ಕೋಪ. ಮೊದಲ ವರ್ಷ ಎಷ್ಟು ಪೈಪು ಹಾಳು ಮಾಡಿದೀನೋ ಲೆಕ್ಕ ಇಟ್ಟಿಲ್ಲ. ಇಟ್ಟಿದ್ರೆ ಮಾವ ಮನೇಗೆ ಓಡಿಸ್ತಿದ್ರು” ಎಂದು ನಗುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಒಂದು ದಿನ ಹಡಗಿನಲ್ಲಿ ರೇಡಿಯೋ ಆಪರೇಟರಾಗಿದ್ದು ನಿವೃತ್ತರಾದ ಮುದುಕರೊಬ್ಬರು ಆ ವರ್ಕ್‌ಶಾಪಿಗೆ ಬಂದರು. ಹಳೇ ಲಕೋಟೆಯ ಹಿಂದೆ ಒಂದು ದೊಡ್ಡ ಸೊನ್ನೆ, ಅದರೊಳಗೆ ಒಂದು ಚಿಕ್ಕ ಸೊನ್ನೆ ಬರೆದುಕೊಂಡು ಬಂದಿದ್ದರು. ಕೊಳವೆಯನ್ನು ಹೀಗೆ ಬಾಗಿಸಿಕೊಡಿ ಎಂದರೆ ಮಾವ, “ನಮಗೆ ಫ್ರಿಜ್ಜೇ ಸಾಕಾಗಿದೆ ಸ್ವಾಮಿ” ಎಂದು ಕೈಮುಗಿದರು. ಬಳೆಯಕ್ಕ ಊಟದ ಬಿಡುವಿನಲ್ಲಿ ಬಾಗಿಸಿ ಕೊಟ್ಟರು. ಮುದುಕರು ಮನೆಗೆ ಹೋಗುವಷ್ಟೂ ತಡೆಯದೆ ಅಲ್ಲೇ ಬೆಂಚಿನ ಮೇಲೆ ತಂತಿ ಬೆಸೆದು, ಚೀಲದಿಂದ ರೇಡಿಯೋ ತೆಗೆದು, ಇಯರ್‌ಫೋನನ್ನು ಇವರ ಕಿವಿಗೆ ಕೊಟ್ಟರು. ಎಲ್ಲೋ ಯಾರೋ ಪಿಟೀಲು ಬಾರಿಸುತ್ತಿದ್ದರು.

“ಅವತ್ತು ನಾನು ಬಾಗಿಸಿದ್ದು ಪೈಪು ಅಂತಾನೇ ಅಂದ್ಕೊಂಡಿದ್ದೆ. ಅದರೊಳಗಿಂದ ಪಿಟೀಲು ಬರೋದಾ? ಮೈ ಜುಂ ಅಂತು. ಆ ತಾತ ಹೇಳಿದ್ರು, ‘ಬಾಗಿಸೋರು ಬೇಕಾದಷ್ಟು ಜನ ಸಿಗ್ತಾರಮ್ಮ, ಮಡಿಚದೆ ಬಾಗಿಸೋರು ಸಿಗಲ್ಲ’ ಅಂತ. ಹೊಗಳಿದ್ರೆ ಯಾರು ಕೆಡಲ್ಲ ಹೇಳಿ, ನಾನೂ ಕೆಟ್ಟೆ!”

ಮುದುಕರು ಇನ್ನಿಬ್ಬರಿಗೆ ಹೇಳಿದರು, ಆ ಇಬ್ಬರು ನಾಲ್ವರಿಗೆ. ಮಾವ ತೀರಿಕೊಂಡು ವರ್ಕ್‌ಶಾಪಿನ ಬಾಗಿಲು ಮುಚ್ಚಿದಾಗ ಇವರ ಕೈಯಲ್ಲಿ ಉಳಿದಿದ್ದು ಒಂದು ಬೆಸುಗೆ ಕಡ್ಡಿ, ಎರಡು ಅರ, ಮತ್ತು ಈ ವಿದ್ಯೆ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಕೆಲಸ ಶುರುಮಾಡಿದರು. ಮೊದಮೊದಲು ತಿಂಗಳಿಗೆ ಮೂರೋ ನಾಲ್ಕೋ ಬಳೆ. ಈಗ ಎರಡು ದಿನಕ್ಕೊಂದು.

ಶೆಡ್ಡಿನಲ್ಲಿ ನಡುಮಧ್ಯೆ ನಿಂತಿರುವುದು ಕೇಬಲ್ ಸುತ್ತಿ ಬರುವ ದೊಡ್ಡ ಮರದ ಗಾಲಿ. ಒಂದು ಬಳೆಗೆ ಮೂರು ಮೀಟರಿನ ಮೇಲೆ ಒಂದು ಗೇಣು ಕೊಳವೆ ಬೇಕು. ಹೆಬ್ಬೆರಳು ದಪ್ಪದ ಕೊಳವೆಯೊಳಗೆ ಜರಡಿ ಹಿಡಿದ ನಯವಾದ ಮರಳನ್ನು ಒತ್ತಿ ಒತ್ತಿ ತುಂಬಿ, ಎರಡೂ ಬಾಯಿಗೆ ಬಿರಡೆ ಜಡಿದು, ಗಾಲಿಯ ಸುತ್ತ ನಿಧಾನವಾಗಿ ಒರಗಿಸುತ್ತಾ ಬರುತ್ತಾರೆ. ಒಳಗೆ ಮರಳಿದ್ದರೆ ಕೊಳವೆ ಮಡಿಚುವುದಿಲ್ಲ. ಹಿಂದಿನ ದಿನವೇ ಬಾಣಲೆಯಲ್ಲಿ ಮರಳನ್ನು ಹುರಿದು ಒಣಗಿಸಿಡಬೇಕು, ಒಂದು ಹನಿ ನೀರು ಉಳಿದರೂ ಒಳಗೇ ಗಟ್ಟಿಯಾಗಿ ಕೂರುತ್ತದೆ. ಸಂಬಂಧಿಕರು ಬಂದಾಗ ಒಲೆಯ ಮೇಲೆ ಮರಳು ಹುರಿಯುತ್ತಿದ್ದರೆ ಅವರ ಮುಖ ನೋಡಬೇಕು ಎನ್ನುತ್ತಾರೆ ಬಳೆಯಕ್ಕ. ಬಾಗಿಸಿದ ಮೇಲೆ ಎರಡು ತುದಿಗಳ ನಡುವೆ ‘ಗ್ಯಾಂಗ್’ ಕೂರಿಸುತ್ತಾರೆ. ಹಳೇ ರೇಡಿಯೋಗಳಲ್ಲಿ ಸ್ಟೇಷನ್ ತಿರುಗಿಸಲು ಇರುತ್ತಿದ್ದ, ಒಂದರೊಳಗೊಂದು ಸರಿಯುವ ತಗಡಿನ ಎಲೆಗಳ ಪುಟ್ಟ ಯಂತ್ರ ಅದು. ದೊಡ್ಡ ಬಳೆಯ ಒಳಗೆ ಅದರ ಐದನೇ ಒಂದು ಪಾಲಿನಷ್ಟು ಅಗಲದ ಚಿಕ್ಕ ಬಳೆ. ಅದರಿಂದ ರೇಡಿಯೋಗೆ ತಂತಿ. ದೊಡ್ಡದನ್ನು ತಾಯಿ ಎಂದೂ ಚಿಕ್ಕದನ್ನು ಮಗು ಎಂದೂ ಇವರು ಕರೆಯುತ್ತಾರೆ. “ಮಗೂನ ತಾಯಿಗೆ ಮುಟ್ಟಿಸೋ ಹಾಗಿಲ್ಲ. ಹತ್ರ ಇರ್ಬೇಕು, ಅಂಟ್ಕೋಬಾರ್ದು. ನಮ್ಮ ಮನೇಲೂ ಹಂಗೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು!”

ಈವರೆಗೆ ಈ ಶೆಡ್ಡಿನಿಂದ ಹೋಗಿರುವುದು 1,683 ಬಳೆ. ಪ್ರತಿಯೊಂದರ ಬುಡದಲ್ಲೂ ಹಿತ್ತಾಳೆಯ ಚೂರಿನ ಮೇಲೆ ಸುತ್ತಿಗೆಯಿಂದ ಹೊಡೆದ ನಂಬರು ಇರುತ್ತದೆ. ಆ ನಂಬರು ಬೀಳುವುದಕ್ಕೆ ಒಂದು ನೇಮವಿದೆ. ಬಳೆಯಕ್ಕ ತಾವೇ ಮಾಳಿಗೆಯ ಮೇಲೆ ನಿಂತು, ಮುಂಜಾನೆಯ ಆ ಇಪ್ಪತ್ತು ನಿಮಿಷದಲ್ಲಿ, ಅಲೆಯಮ್ಮನ ದನಿಯನ್ನು ಆ ಬಳೆಯಲ್ಲೇ ಕೇಳಬೇಕು. ಕೇಳದ ಹೊರತು ಬಳೆ ಮನೆ ಬಿಟ್ಟು ಹೊರಡುವುದಿಲ್ಲ. ಒಂದು ಮುಂಜಾನೆಗೆ ಎರಡೇ ಬಳೆ ಪರೀಕ್ಷೆ ಮಾಡಲು ಸಾಧ್ಯ. ಹತ್ತಿರದ ಸ್ಟೇಷನ್ನಿನಲ್ಲಿ ಮಧ್ಯಾಹ್ನ ನೋಡಿದರಾಗದೇ ಎಂದು ಕೇಳಿದವರಿಗೆ ಇವರ ಉತ್ತರ ರೆಡಿ: “ಪಕ್ಕದ ಮನೆಯವರು ಕೂಗಿದ್ದು ಕಿವುಡನಿಗೂ ಕೇಳತ್ತೆ. ಅದೇನು ದೊಡ್ಡಸ್ತಿಕೆ?”

ಈ ನೇಮಕ್ಕೆ ಒಬ್ಬ ಸಾಕ್ಷಿಯೂ ಇದ್ದಾರೆ, ಎದುರುಮನೆಯ ಟೈಲರಮ್ಮ. ಮೂವತ್ತು ವರ್ಷದ ಗೆಳತಿ. ಮಹಡಿಯ ಹಸಿರು ಕಿಟಕಿಯ ಹಿಂದೆ ಅವರ ಹೊಲಿಗೆ ಯಂತ್ರ. ಅವರೂ ಬೆಳಗಿನ ಜಾವದಲ್ಲೇ ಏಳುವವರು. ಬಳೆಯಕ್ಕ ಮಾಳಿಗೆ ಹತ್ತಿದ ಸ್ವಲ್ಪ ಹೊತ್ತಿಗೆ ಕಿಟಕಿ ತೆರೆದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಒಂದು ಕೂಗು ಹಾಕುತ್ತಿದ್ದರು: “ಬಂತಾ?” ಇತ್ತಿಂದ “ಬಂತು!” ಎಂದು ಉತ್ತರ. ಆಮೇಲೆಯೇ ನಂಬರು ಹೊಡೆಯುವುದು. ಹತ್ತೊಂಬತ್ತು ವರ್ಷ ಹೀಗೇ ನಡೆದಿದೆ.

ಒಂದು ಸಲ ಓಣಿಯ ಕೆಲವರಿಗೆ ಈ ತಾಮ್ರದ ಬಳೆಗಳಿಂದಲೇ ತಲೆನೋವು ಬರುತ್ತಿದೆ ಎಂಬ ಗುಮಾನಿ ಹುಟ್ಟಿತು. ಎಲ್ಲರನ್ನೂ ಕೂಡಿಸಿ ಮೀಟಿಂಗು ನಡೆಯಿತು. “ಇದು ಕಿವಿ ಕಣ್ರೀ, ಬಾಯಲ್ಲ. ಕೇಳಿಸ್ಕೊಳ್ಳತ್ತೆ ಅಷ್ಟೆ, ಏನನ್ನೂ ಉಗುಳಲ್ಲ” ಎಂದು ಬಳೆಯಕ್ಕ ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಆಗ ಟೈಲರಮ್ಮ ಎದ್ದು ನಿಂತು, “ಎಲ್ಲರಿಗಿಂತ ಹತ್ರ ಇರೋಳು ನಾನು. ನನ್ನ ತಲೆ ನೆಟ್ಟಗೇ ಇದೆ. ನಿಮ್ಮದು ನೋವಾದ್ರೆ ಬೇರೆ ಏನಾದ್ರೂ ಕಾರಣ ಇರತ್ತೆ, ಮನೇಲಿ ಹುಡುಕ್ಕೊಳ್ಳಿ” ಎಂದರು. ಮೀಟಿಂಗು ಅಲ್ಲಿಗೆ ಬರಖಾಸ್ತು.

ಇಂಥ ಗೆಳತಿಗೆ ಬಳೆಯಕ್ಕ ಒಂದು ಮಾತು ಅಂದುಬಿಟ್ಟರು. ಅದನ್ನು ಮರೆಮಾಚುವ ಆಸೆ ಅವರಿಗಿಲ್ಲ. ಪೇಪರಿಗೆ ಬರೆಯಲು ಬಂದವರಿಗೆ ಅವರು ಹಾಕಿದ ಷರತ್ತೂ ಅದೊಂದೇ. “ನನ್ನ ಬಗ್ಗೆ ಒಳ್ಳೇದು ಬರೀತೀರಂದ್ರೆ ಮೊದಲು ಇದನ್ನ ಬರೀರಿ. ತಪ್ಪು ನಂದು ಅಂತ ದಪ್ಪಕ್ಷರದಲ್ಲಿ ಹಾಕಿ. ಇಲ್ಲಾಂದ್ರೆ ಟೀ ಕುಡಿದು ಹೊರಡಿ.”

ನಡೆದದ್ದು ಇಷ್ಟು. ಬಳೆಯಕ್ಕನ ಅತ್ತೆಗೆ ಎಂಬತ್ತನಾಲ್ಕು. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಲಗಿದಲ್ಲೇ ಬೆನ್ನು ಹುಣ್ಣಾಗದಿರಲೆಂದು ಆಸ್ಪತ್ರೆಯಲ್ಲಿ ಲಿಫ್ಟ್ ಆಪರೇಟರಾಗಿರುವ ಬಳೆಯಕ್ಕನ ಗಂಡ ಬಾಡಿಗೆಗೆ ಒಂದು ಗಾಳಿ ಹಾಸಿಗೆ ತಂದು ಹಿಂದಿನ ಕೋಣೆಯಲ್ಲಿ ಹಾಕಿದರು. ಹಾಸಿಗೆಯ ಕಾಲಬಳಿ ಒಂದು ಪುಟ್ಟ ಪಂಪು, ಅದಕ್ಕೆ ಕರೆಂಟು ಕೊಡುವ ಕರಿ ಡಬ್ಬಿ. ಕರೆಂಟು ಹೋದರೆ ಹಾಸಿಗೆಯ ಗಾಳಿ ಇಳಿದು ಅಮ್ಮನಿಗೆ ತೊಂದರೆಯಾದೀತೆಂದು ಅದನ್ನು ಯುಪಿಎಸ್ಸಿನ ಬ್ಯಾಟರಿಗೆ ಸಿಕ್ಕಿಸಿದರು. ಮಗನ ಮುಂದಾಲೋಚನೆ ಮೆಚ್ಚುವಂಥದ್ದೇ.

ಮಾರನೇ ಮುಂಜಾನೆ ಬಳೆಯಕ್ಕ ಮಾಳಿಗೆಗೆ ಹೋದರೆ ಇಯರ್‌ಫೋನಿನ ತುಂಬ ಬರ್ರ್ ಎಂಬ ಸದ್ದು. ಅಲೆಯಮ್ಮನ ಸುಳಿವೇ ಇಲ್ಲ. ಬಳೆ ಬದಲಿಸಿದರು, ರೇಡಿಯೋ ಬದಲಿಸಿದರು, ತಂತಿ ಬದಲಿಸಿದರು. ಸದ್ದು ಜಪ್ಪಯ್ಯ ಅಂದರೂ ಹೋಗಲಿಲ್ಲ. ಇಂಥ ಸದ್ದು ಎಲ್ಲಿಂದ ಬರುತ್ತದೆ ಎಂದು ಪತ್ತೆ ಹಚ್ಚುವುದರಲ್ಲಿ ಇವರದು ಎತ್ತಿದ ಕೈ. ಯಾರದೋ ಮನೆಯ ಕೆಟ್ಟ ಬಲ್ಬು, ಮತ್ತ್ಯಾರದೋ ಕಳಪೆ ಚಾರ್ಜರು, ಎಷ್ಟೋ ಗಿರಾಕಿಗಳಿಗೆ ಹುಡುಕಿಕೊಟ್ಟಿದ್ದಾರೆ. ಮೊದಲು ತಮ್ಮ ಮನೆಯ ಮೇನ್ ಸ್ವಿಚ್ ಆರಿಸಿದರು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಸದ್ದು ನಿಲ್ಲಲಿಲ್ಲ. ‘ಸರಿ, ನಮ್ಮನೇದಲ್ಲ’ ಎಂದು ತೀರ್ಮಾನಿಸಿದರು. ಬ್ಯಾಟರಿಯ ಮೇಲೆ ಓಡುತ್ತಿದ್ದ ಹಾಸಿಗೆ ಅವರ ನೆನಪಿಗೆ ಬರಲೇ ಇಲ್ಲ.

ಆಮೇಲೆ ಬಳೆ ತಿರುಗಿಸಿದರು. ಲೂಪಿಗೆ ಒಂದು ಗುಣವಿದೆ. ಬಳೆಯೊಳಗಿಂದ ನೀವು ಯಾರನ್ನು ನೇರವಾಗಿ ನೋಡುತ್ತೀರೋ ಅವರ ಮಾತು ಆ ಬಳೆಗೆ ಕೇಳಿಸುವುದಿಲ್ಲ. ಸದ್ದು ಪೂರ್ತಿ ಅಡಗುವವರೆಗೆ ತಿರುಗಿಸಿ, ನಡುವಿನಿಂದ ಇಣುಕಿದರೆ ಕಳ್ಳ ಸಿಕ್ಕಿದ ಹಾಗೆ. ನಾಲ್ಕನೇ ದಿನದ ಮುಂಜಾನೆ ಸದ್ದು ಅಡಗಿತು. ಬಳೆಯಕ್ಕ ಬಳೆಯೊಳಗಿಂದ ಇಣುಕಿದರು. ಕಂಡಿದ್ದು ಹಸಿರು ಕಿಟಕಿ. ಆ ಕಿಟಕಿಯ ಹಿಂದೆ ಟೈಲರಮ್ಮ ಅದೇ ವಾರ ಕಾಲಲ್ಲಿ ತುಳಿಯುವ ಯಂತ್ರ ಬಿಟ್ಟು ಹೊಸ ಕರೆಂಟಿನ ಮೋಟಾರು ಹಾಕಿಸಿಕೊಂಡಿದ್ದರು!

ಇನ್ನೇನು ಬೇಕು? ಇವರು ದಡದಡ ಇಳಿದು, ಓಣಿ ದಾಟಿ, ಮೆಟ್ಟಿಲು ಹತ್ತಿದರು. ಅಷ್ಟು ಹೊತ್ತಿಗೇ ಅಳತೆ ಕೊಡಲು ಇಬ್ಬರು ಗಿರಾಕಿಗಳು ಬಂದು ಕೂತಿದ್ದರು. “ನಿನ್ನ ಮೋಟಾರು ಆರಿಸು” ಎಂದರು ಬಳೆಯಕ್ಕ. “ಆರಿಸೇ ಇದೆ, ಇವತ್ತಿನ್ನೂ ಹಾಕೇ ಇಲ್ಲ” ಎಂದರು ಟೈಲರಮ್ಮ. “ಸುಳ್ಳು ಹೇಳ್ಬೇಡ. ನನ್ನ ಬಳೆ ಸುಳ್ಳು ಹೇಳಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಿರಾಕಿಗಳ ಮುಂದೆ ಸುಳ್ಳಿ ಎನಿಸಿಕೊಂಡ ಟೈಲರಮ್ಮ ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. “ಹಂಗಾದ್ರೆ ಇನ್ಮೇಲೆ ನಿನ್ನ ಬಳೆ ಜೊತೇನೇ ಮಾತಾಡ್ಕೋ” ಎಂದರು. ಹಸಿರು ಕಿಟಕಿ ಮುಚ್ಚಿತು.

ಸದ್ದು ಹೋಗಲಿಲ್ಲ. ಬಳೆಯಕ್ಕ ಕೆಲಸ ನಿಲ್ಲಿಸಲಿಲ್ಲ, ಆದರೆ ಆದ ಬಳೆಗಳು ಗೋಡೆಯ ಮೊಳೆಗಳಲ್ಲೇ ತೂಗತೊಡಗಿದವು. ಐದಾದವು, ಹತ್ತಾದವು, ಇಪ್ಪತ್ತೊಂದಾದವು. ಒಂದಕ್ಕೂ ನಂಬರಿಲ್ಲ. ಗಿರಾಕಿಗಳು ಫೋನು ಮಾಡಿ, “ಪರೀಕ್ಷೆ ಬೇಡಕ್ಕಾ, ನಿಮ್ಮ ಕೈ ಮೇಲೆ ನಂಬಿಕೆ ಇದೆ, ಹಾಗೇ ಕೊಡಿ” ಎಂದರು. “ನನಗಿಲ್ಲವಲ್ಲ!” ಎಂದರು ಇವರು. ಎರಡು ತಿಂಗಳು ನೋಡುವುದು, ಆಮೇಲೂ ಅಲೆಯಮ್ಮ ಬರದಿದ್ದರೆ ಮರದ ಗಾಲಿಯನ್ನು ಸೌದೆಗೆ ಕೊಟ್ಟು ಯಾವುದಾದರೂ ಫ್ರಿಜ್ ಅಂಗಡಿಯಲ್ಲಿ ಕೆಲಸ ಕೇಳುವುದು ಎಂದು ಗಂಡನಿಗೆ ಹೇಳಿಯೂ ಆಗಿತ್ತು.

ಈ ನಡುವೆ ಟೈಲರಮ್ಮ ಈ ಮನೆಗೆ ಬರುವುದನ್ನೇನೂ ಬಿಟ್ಟಿರಲಿಲ್ಲ. ಜಗಳ ಸೊಸೆಯ ಜೊತೆ, ಅತ್ತೆಯ ಜೊತೆ ಅಲ್ಲವಲ್ಲ! ದಿನಾ ಮಧ್ಯಾಹ್ನ ಬಳೆಯಕ್ಕ ಶೆಡ್ಡಿನಲ್ಲಿರುವ ಹೊತ್ತು ನೋಡಿಕೊಂಡು, ಹಿಂದಿನ ಬಾಗಿಲಿಂದ ಬಂದು ಮುದುಕಿಯ ತಲೆ ಬಾಚಿ, ನಾಲ್ಕು ಮಾತಾಡಿ, ಹಿಂದಿನ ಬಾಗಿಲಿಂದಲೇ ಹೋಗುತ್ತಿದ್ದರು. ಅತ್ತೆಗೆ ಇದೊಂದು ತಮಾಷೆ. “ಮೂವತ್ತು ವರ್ಷ ಇಬ್ರೂ ಬಾಯಿ ಮುಚ್ಚಿದ್ದೇ ಇಲ್ಲ. ಈಗ ನನ್ನ ಕಿವಿಗೆ ಸ್ವಲ್ಪ ರೆಸ್ಟು” ಎನ್ನುತ್ತಿದ್ದರಂತೆ.

ಅತ್ತೆಗೆ ಇನ್ನೊಂದು ದೂರಿತ್ತು. “ನನ್ನ ಹಾಸಿಗೆ ಗೊರಕೆ ಹೊಡೀತದೆ” ಎಂದು ಮೊದಲ ದಿನದಿಂದಲೂ ಹೇಳುತ್ತಿದ್ದರು. ಪಂಪಿನ ಗುರುಗುರು ಸದ್ದಿನ ಬಗ್ಗೆ ಹೇಳುತ್ತಿದ್ದಾರೆಂದು ಮಗನೂ ಸೊಸೆಯೂ ನಕ್ಕು ಸುಮ್ಮನಾಗಿದ್ದರು. ಮುದುಕಿ ಹೇಳುತ್ತಿದ್ದುದು ತಮ್ಮ ಕೈರೇಡಿಯೋ ವಿಷಯ!

ಅದು ಗೊತ್ತಾದದ್ದು ನಿನ್ನೆ ಮಧ್ಯಾಹ್ನ. ಟೈಲರಮ್ಮ ಜಡೆ ಹಾಕಲು ಜಾಗ ಮಾಡಿಕೊಳ್ಳುತ್ತಾ ದಿಂಬಿನ ಪಕ್ಕದಲ್ಲಿ ಹಾಡುತ್ತಿದ್ದ ಕೈರೇಡಿಯೋವನ್ನು ಹಾಸಿಗೆಯ ಕಾಲಬಳಿ ಇಟ್ಟರು. ಹಾಡು ಮುಳುಗಿ ಬರ್ರ್ ಎಂದಿತು. ಎತ್ತಿ ತಲೆಯ ಬಳಿ ತಂದರು, ಹಾಡಿತು. ಮತ್ತೆ ಕಾಲಬಳಿ ಇಟ್ಟರು, ಬರ್ರ್. “ಹೂಂ, ಅದೇ ಗೊರಕೆ. ಹೇಳಿ ಹೇಳಿ ಸಾಕಾಯ್ತು” ಎಂದರು ಮುದುಕಿ. ಟೈಲರಮ್ಮನಿಗೆ ರೇಡಿಯೋ ವಿದ್ಯೆ ಗೊತ್ತಿಲ್ಲ. ಆದರೆ ಹತ್ತೊಂಬತ್ತು ವರ್ಷ ಎದುರುಮನೆಯ ಕಿಟಕಿಯಲ್ಲಿ ಕೂತವರಿಗೆ ಅಷ್ಟೂ ತಿಳಿಯದೇ? ಮೂವತ್ತೊಂಬತ್ತು ದಿನದ ಮೌನ ಮುರಿದು ಮನೆ ನಡುಗುವಂತೆ ಕೂಗಿದರು: “ಏ ಇವಳೇ! ನಿನ್ನ ಬಳೆ ತಗೊಂಡು ಬಾ ಇಲ್ಲಿ!”

ಬಳೆಯಕ್ಕ ಕೈಯಲ್ಲಿ ಸುತ್ತಿಗೆ ಹಿಡಿದೇ ಓಡಿಬಂದರು, ಅತ್ತೆಗೆ ಏನಾಯಿತೋ ಎಂದು. ವಿಷಯ ಕೇಳಿ ಮತ್ತೆ ಓಡಿ ಬಳೆ, ರೇಡಿಯೋ ತಂದರು. ಕೋಣೆಯ ಬಾಗಿಲಲ್ಲೇ ಸದ್ದು ಕಿವಿ ಕಿತ್ತುಹೋಗುವಷ್ಟಿತ್ತು. ಬಗ್ಗಿ ಕರಿ ಡಬ್ಬಿಯ ಪ್ಲಗ್ ಎಳೆದರು. ಸದ್ದು ನಿಂತೇಹೋಯಿತು. ಪಂಪೂ ನಿಂತಿತು. ಹಾಸಿಗೆ ಮೆಲ್ಲಗೆ ಉಸಿರು ಬಿಡತೊಡಗಿತು.

“ಅಯ್ಯಯ್ಯೋ, ನಿಮ್ಮ ರಾಜಿಗೆ ನನ್ನ ಯಾಕ್ರೇ ಇಳಿಸ್ತೀರಾ!” ಎಂದು ಅತ್ತೆ ಕಿರುಚಿದರು.

ಬಳೆಯಕ್ಕ ಪ್ಲಗ್ ಹಿಡಿದು ಅಲ್ಲೇ ಕುಕ್ಕರಿಸಿದರು. ಮಾಳಿಗೆಯ ಗೂಟದಿಂದ ಹಸಿರು ಕಿಟಕಿಗೆ ಗೆರೆ ಎಳೆದು, ಅದೇ ಗೆರೆಯನ್ನು ಬೆನ್ನ ಹಿಂದಕ್ಕೆ ಎಳೆದರೆ ಅದು ಬಂದು ಮುಟ್ಟುವುದು ಇದೇ ಕೋಣೆಗೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಅದೇ. “ಬಳೆಗೆ ಮುಂದೆ ಹಿಂದೆ ಅಂತ ಇಲ್ಲ ನೋಡಿ. ಎರಡೂ ಕಡೆಗೂ ಅದು ಕಿವುಡು. ಗೆರೆ ತೋರಿಸತ್ತೆ, ಆ ಗೆರೆಯ ಯಾವ ತುದೀಲಿ ಕಳ್ಳ ಇದಾನೆ ಅಂತ ಹೇಳಲ್ಲ. ಅದಕ್ಕೇ ಇನ್ನೊಂದು ಜಾಗಕ್ಕೆ ಹೋಗಿ ಇನ್ನೊಂದ್ಸಲ ನೋಡ್ಬೇಕು. ಗಿರಾಕಿಗಳಿಗೆ ಇದನ್ನ ಬಾಯಿಪಾಠ ಮಾಡಿಸೋಳು ನಾನು. ಅವತ್ತು ನಾನೇ ಮಾಡ್ಲಿಲ್ಲ. ಹೊಸ ಮೋಟಾರು ಕಣ್ಣಿಗೆ ಬಿತ್ತು, ಬುದ್ಧಿ ಅಲ್ಲೇ ನಿಂತ್ಹೋಯ್ತು” ಎಂದು ಹೇಳುವಾಗ ಅವರ ದನಿ ತಗ್ಗುತ್ತದೆ.

ನಿನ್ನೆ ಆ ಕೋಣೆಯಲ್ಲಿ ಅವರು ಅತ್ತೆಗಾಗಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದರು. ಟೈಲರಮ್ಮ ಅರ್ಧ ಹಾಕಿದ್ದ ಜಡೆಯನ್ನು ಮುಗಿಸಿದರು, ಬಾಚಣಿಗೆಯನ್ನು ಗೂಡಿನಲ್ಲಿಟ್ಟರು, ಹಿಂದಿನ ಬಾಗಿಲಿಂದ ಹೋದರು.

ಸಂಜೆಯೊಳಗೆ ಬಳೆಯಕ್ಕ ಹಳೇ ಟೇಪ್‌ರೆಕಾರ್ಡರಿನ ಭಾರದ ಕಬ್ಬಿಣದ ಟ್ರಾನ್ಸ್‌ಫಾರ್ಮರನ್ನು ಅಟ್ಟದಿಂದ ಇಳಿಸಿ, ಕರಿ ಡಬ್ಬಿಯ ಬದಲು ಅದರಿಂದ ಪಂಪಿಗೆ ಕರೆಂಟು ಕೊಟ್ಟರು. ಹಾಸಿಗೆ ಉಬ್ಬಿತು, ಗೊರಕೆ ನಿಂತಿತು. ಮುಖ ತೊಳೆದು, ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಒಪ್ಪ ಮಾಡಿಕೊಂಡು ಎದುರುಮನೆಯ ಮೆಟ್ಟಿಲ ಬುಡಕ್ಕೂ ಹೋದರು. ಮೇಲೆ ಮೋಟಾರು ಓಡುತ್ತಿತ್ತು. ಎರಡು ಮೆಟ್ಟಿಲು ಹತ್ತಿ ವಾಪಸ್ಸು ಬಂದರು.

“ಏನಂತ ಹೇಳೋದು? ಅವತ್ತು ಗಿರಾಕಿಗಳ ಮುಂದೆ ಅಂದಿದ್ದು, ಈಗ ಒಬ್ಬಳೇ ಇದ್ದಾಗ ಹೋಗಿ ತಪ್ಪಾಯ್ತು ಅಂದ್ರೆ ಅದೆಂಥ ನ್ಯಾಯ? ನಾಲ್ಕು ಜನರ ಮುಂದೆ ಬೈದಿದ್ದಕ್ಕೆ ನಾಲ್ಕು ಜನರಿಗೆ ಕೇಳೋ ಹಂಗೇ ಹೇಳ್ಬೇಕು. ಅದಕ್ಕೇ ನಿಮಗೆ ಬರೀರಿ ಅಂದಿದ್ದು.”

ಹಾಗಾದರೆ ಬರೆಯೋಣ, ಅವರು ಕೇಳಿದ ಹಾಗೇ. ತಪ್ಪು ಬಳೆಯಕ್ಕನದು. ಟೈಲರಮ್ಮ ಹೇಳಿದ್ದು ನಿಜ, ಮೋಟಾರು ಆರಿಸಿಯೇ ಇತ್ತು.

ಕೆಳಗೆ ಟೀ ಆಗುತ್ತದೆ. ಹಿಂದಿನ ಕೋಣೆಯಿಂದ ಅತ್ತೆಯ ದನಿ, “ಪೇಪರಿನವರು ಬಂದಿದಾರಂತೆ, ಗೊರಕೆ ಮೊದಲು ಕಂಡುಹಿಡಿದಿದ್ದು ನಾನು ಅಂತ ಬರ್ಕೊಳ್ಳಕ್ಕೆ ಹೇಳು!” ಎಂದು. ಸೊಸೆ, “ಬರ್ಕೊಂಡಿದಾರೆ ಅತ್ತೆ, ನೀವು ಸುಮ್ನೆ ಮಲಗಿ” ಎಂದು ಕೂಗುತ್ತಾರೆ. ಮುಖದಲ್ಲಿ ನಗು. ರಾತ್ರಿ ದಿಂಬಿಗೆ ತಲೆ ಕೊಟ್ಟಿದ್ದಷ್ಟೇ ಗೊತ್ತು, ಒಂದೂವರೆ ತಿಂಗಳಾದ ಮೇಲೆ ಕಣ್ತುಂಬ ನಿದ್ದೆ ಬಂತು ಎನ್ನುತ್ತಾರೆ. ಗಂಡ ಡ್ಯೂಟಿಗೆ ಹೊರಡುವ ಮೊದಲು ಕಬ್ಬಿಣದ ಟ್ರಾನ್ಸ್‌ಫಾರ್ಮರನ್ನು ಮುಟ್ಟಿ ನೋಡಿ, ಬಿಸಿಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರ ಹಾಗೆ, “ಯುಪಿಎಸ್ಸಿಗೆ ಹಾಕಿದ್ದು ನಾನೇ, ಆದ್ರೆ ಒಳ್ಳೇದಕ್ಕೇ ಹಾಕಿದ್ದು” ಎಂದು ಮೂರನೇ ಸಲ ಹೇಳಿ ಹೋಗುತ್ತಾರೆ.

ಗೋಡೆಯ ಮೇಲೆ ಹತ್ತೊಂಬತ್ತು ಬಳೆಗಳಿವೆ. ಇವತ್ತು ಮುಂಜಾನೆ ಎರಡನ್ನು ಪರೀಕ್ಷೆ ಮಾಡಿದ್ದಾಯಿತು, ಎರಡರಲ್ಲೂ ಅಲೆಯಮ್ಮ ಸ್ವಚ್ಛವಾಗಿ ಕೇಳಿದ್ದಾಳೆ. ಅವು 1,684 ಮತ್ತು 1,685 ಆಗಬೇಕು. ಹಿತ್ತಾಳೆಯ ಚೂರು ಕತ್ತರಿಸಿಟ್ಟಿದ್ದಾರೆ, ಸುತ್ತಿಗೆ ಪಕ್ಕದಲ್ಲೇ ಇದೆ. ಹೊಡೆದಿಲ್ಲ. “ಕೂಗಿಲ್ಲವಲ್ಲ ಅವಳು. ಕೂಗದೆ ಹೇಗೆ ಹೊಡೀಲಿ?” ಎನ್ನುತ್ತಾರೆ.

ಎಂಟು ಗಂಟೆಗೆ ಮಾಳಿಗೆಯ ಮೇಲೆ ಬಿಟ್ಟುಬಂದಿದ್ದ ಎರಡನೇ ಬಳೆಯನ್ನು ತರಲು ಹತ್ತುತ್ತಾರೆ. ಬಿಸಿಲು ಬಂದಿದೆ. ಅಲೆಯಮ್ಮ ಎಂದೋ ಹೋಗಿಯಾಗಿದೆ, ರೇಡಿಯೋದಲ್ಲಿ ಬರೀ ಸುಯ್. ಗೂಟದಿಂದ ಬಿಚ್ಚುವ ಮೊದಲು ಅಭ್ಯಾಸಬಲದಿಂದ ಬಳೆಯ ನಡುವಿನಿಂದ ಎದುರಿಗೆ ಇಣುಕುತ್ತಾರೆ. ಹಸಿರು ಕಿಟಕಿ ತೆರೆದಿದೆ! ಹೊಲಿಗೆ ಯಂತ್ರ ಕಾಣುತ್ತದೆ, ಅದರ ಮೇಲೆ ಅರ್ಧ ಹೊಲಿದ ನೀಲಿ ಬಟ್ಟೆ ಕಾಣುತ್ತದೆ. ಟೈಲರಮ್ಮ ಇಲ್ಲ. ಬಳೆಯಕ್ಕ ಕತ್ತು ಆ ಕಡೆ ಈ ಕಡೆ ಮಾಡಿ, ಬಳೆಯೊಳಗಿಂದಲೇ ಹುಡುಕುತ್ತಾರೆ.

“ಬಂತಾ?”

ದನಿ ಬಂದದ್ದು ಬೆನ್ನ ಹಿಂದಿನಿಂದ. ಮಾಳಿಗೆಯ ಮೆಟ್ಟಿಲ ತುದಿಯಲ್ಲಿ, ಕೊರಳಲ್ಲಿ ಟೇಪು ನೇತುಹಾಕಿಕೊಂಡು, ಏದುಸಿರು ಬಿಡುತ್ತಾ ಟೈಲರಮ್ಮ ನಿಂತಿದ್ದಾರೆ. ಮುಂದಿನ ಬಾಗಿಲಿಂದಲೇ ಬಂದಿದ್ದಾರೆ.

ಬಳೆಯಕ್ಕ ತಿರುಗುತ್ತಾರೆ. ಹತ್ತು ಸಲ ಒಪ್ಪ ಮಾಡಿಟ್ಟುಕೊಂಡಿದ್ದ ಮಾತು ಎಲ್ಲಿ ಹೋಯಿತೋ. “ಬಂತು ಕಣೇ, ಬಂತು. ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ” ಎನ್ನುತ್ತಾರೆ.

“ಅದಿರ್ಲಿ, ಆ ಇಬ್ಬರು ಗಿರಾಕಿಗಳಿಗೂ ಹೇಳ್ಬೇಕು ನೀನು. ಒಬ್ಬಳು ನಾಳೆ ಬ್ಲೌಸ್ ತಗೊಳಕ್ಕೆ ಬರ್ತಾಳೆ” ಎನ್ನುತ್ತಾರೆ ಟೈಲರಮ್ಮ, ಸೆರಗಿನಿಂದ ತಮ್ಮ ಮುಖ ಒರೆಸಿಕೊಳ್ಳುತ್ತಾ. ಆಮೇಲೆ ಸ್ಟೂಲಿನ ಮೇಲಿದ್ದ ಇಯರ್‌ಫೋನು ಎತ್ತಿ ಕಿವಿಗಿಟ್ಟುಕೊಳ್ಳುತ್ತಾರೆ. “ಏನೂ ಇಲ್ಲವಲ್ಲೇ ಇದರಲ್ಲಿ? ಅಷ್ಟಕ್ಕೂ ಏನಂತಾಳೆ ನಿನ್ನ ಅಲೆಯಮ್ಮ?”

“ಯಾರಿಗ್ಗೊತ್ತು? ಗಾಳಿ, ಅಲೆ ಅಂತ ಯಾರೋ ಅಂದಿದ್ರು. ಇಷ್ಟು ವರ್ಷದಲ್ಲಿ ನನಗೆ ಒಂದಕ್ಷರ ಅರ್ಥ ಆಗಿಲ್ಲ.”

ಇಬ್ಬರೂ ನಗುತ್ತಾರೆ, ಕೆಳಗಿನಿಂದ ಅತ್ತೆ “ಏನ್ರೇ ಅದು, ನನಗೂ ಹೇಳ್ರೇ!” ಎಂದು ಕೂಗುವವರೆಗೆ. ಮೆಟ್ಟಿಲಿಳಿದು ಶೆಡ್ಡಿಗೆ ಬಂದು ಬಳೆಯಕ್ಕ ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಒಂದು, ಆರು, ಎಂಟು, ನಾಲ್ಕು. ಹಿತ್ತಾಳೆಯ ಮೇಲೆ ನಾಲ್ಕು ಪೆಟ್ಟು ಬೀಳುವವರೆಗೂ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದು, ನಂಬರು ನೆಟ್ಟಗಿದೆಯೇ ಎಂದು ಕಣ್ಣು ಕಿರಿದುಮಾಡಿ ನೋಡುತ್ತಾರೆ.

ಇನ್ನು ನಿಮಗೇನು ಆಸೆ ಎಂದು ಕೇಳಿದರೆ ಬಳೆಯಕ್ಕ ಗೋಡೆಯ ಕಡೆ ನೋಡುತ್ತಾರೆ. ಅತ್ತೆ ಎದ್ದು ನಾಲ್ಕು ಹೆಜ್ಜೆ ಇಡಬೇಕು, ಆ ಹಾಸಿಗೆ ವಾಪಸ್ಸು ಹೋಗಬೇಕು. ಇನ್ನೊಂದನ್ನು ಅವರು ಬರೆಯಲು ಬಂದವರಿಗೆ ಹೇಳುವುದಿಲ್ಲ, ಓಣಿ ದಾಟಲು ಹೊರಟ ಗೆಳತಿಯ ಬೆನ್ನಿಗೆ ಕೂಗಿ ಹೇಳುತ್ತಾರೆ:

“ಇನ್ನೂ ಹತ್ತೊಂಬತ್ತು ಇದಾವೆ ಕಣೇ. ನಾಳೆ ಬೇಗ ಏಳು!”